ಅಂತೋಣಿಯಪ್ಪನ ತೋಳಿನ ಮಗು

ಚರ್ಚಿನಲ್ಲಿ ನಮಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದ ಟೀಚರ ಬೆರಳ ತುದಿಗಳು ಸದಾ ಬೆಳ್ಳಗೆ ಸುಕ್ಕುಗಟ್ಟಿ, ಚರ್ಮ ಸುಲಿದಿರುತ್ತಿದ್ದವು. ವಾರವಿಡೀ ಕೊಳ್ಳೇಗಾಲದಲ್ಲಿ ಬಿಸಿನೀರಿಗೆ ಕೈಯಿಟ್ಟು ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಕೆಲಸ. ಭಾನುವಾರ ಪೂಜೆ ಮುಗಿದ ಮೇಲೆ ಅದೇ ಬೆರಳುಗಳು ನಮ್ಮ ಕಿವಿ ಹಿಂಡುತ್ತಿದ್ದವು.

ದೃಢೀಕರಣ ಸಂಸ್ಕಾರಕ್ಕೆ ಮುಂಚೆ ಮಕ್ಕಳೆಲ್ಲ ಒಬ್ಬೊಬ್ಬ ಪಾಲಕ ಸಂತರನ್ನು ಆರಿಸಿಕೊಳ್ಳಬೇಕಿತ್ತು. ಸಂತರ ಕತೆಯನ್ನು ಗಿಳಿಪಾಠ ಒಪ್ಪಿಸಿದರೆ ಟೀಚರಿಗೆ ಸಿಟ್ಟು. "ಪರೀಕ್ಷೆ ಬರೀತಿದ್ದೀರೇನ್ಲಾ? ಮನೇವ್ರ ಜೊತೆ ಮಾತಾಡ್ದಂಗೆ ಸಂತರ ಜೊತೆ ಮಾತಾಡಿ. ಜಗಳ ಬಂದ್ರೆ ಜಗಳಾನೂ ಆಡಿ" ಎನ್ನುತ್ತಿದ್ದರು.

ಅದೇ ವಾರ ನನ್ನ ಅಪ್ಪ ಕಾಣೆಯಾದರು. ಬೈಕಿನಲ್ಲಿ ಕೌದಳ್ಳಿಗೆ ಹೋದವರು ಮೂರು ದಿನವಾದರೂ ಬರಲಿಲ್ಲ. ಫೋನು ಸ್ವಿಚ್ ಆಫ್. "ಕುಡ್ದು ಎಲ್ಲೋ ಬಿದ್ದಿರ್ತಾನೆ, ಬತ್ತಾನೆ ಬುಡಿ. ಸ್ಟೇಷನ್ನಿಗೋಗಿ ಮರ್ವಾದೆ ಕಳೀಬೇಡಿ" ಎಂದರು ಚಿಕ್ಕಪ್ಪ. ಅವ್ವ ಒಲೆಗೂ ಬೀದಿಬಾಗಿಲಿಗೂ ಓಡಾಡುತ್ತಲೇ ಇದ್ದಳು, ಸ್ಟೇಷನ್ನಿಗೆ ಹೋಗಲಿಲ್ಲ.

ಕಳೆದದ್ದನ್ನು ಹುಡುಕಿಕೊಡುವವನೆಂದು ನಾನು ಸಂತ ಅಂತೋಣಿಯನ್ನು ಆರಿಸಿಕೊಂಡೆ. ಬೇಡಿಕೆಗೆ ಕಿವಿಗೊಡದಿದ್ದರೆ ಅಂತೋಣಿಯಪ್ಪನ ಮೂರ್ತಿಯ ತೋಳಿನಲ್ಲಿರುವ ಬಾಲಯೇಸುವನ್ನು ಕಿತ್ತಿಟ್ಟುಕೊಳ್ಳಬೇಕು, ಮಗು ವಾಪಸು ಸಿಗಲೆಂದು ಓಡಾಡಿ ಕೆಲಸ ಮಾಡಿಕೊಡುತ್ತಾನೆ ಎಂದು ಅಜ್ಜಿ ಹೇಳುತ್ತಿದ್ದಳು. ಅವಳು ಹೇಳಿದ್ದು ಮನೆಯಲ್ಲಿಡುವ ಪುಟ್ಟ ಮೂರ್ತಿಯ ಮಾತು. ನಮ್ಮ ಮನೆಯಲ್ಲಿ ಪಟವಷ್ಟೇ ಇತ್ತು. ಶನಿವಾರ ನಾನು ಚರ್ಚಿಗೇ ಹೋಗಿ, ಅಲ್ಲಿನ ದೊಡ್ಡ ಮೂರ್ತಿಯ ತೋಳಿನ ಮೊಳೆಗೆ ಸಿಕ್ಕಿಸಿದ್ದ ಮರದ ಮಗುವನ್ನು ಕಿತ್ತು ಬ್ಯಾಗಿಗೆ ಹಾಕಿಕೊಂಡೆ.

ಭಾನುವಾರ ಚರ್ಚಿನಲ್ಲಿ ಗುಲ್ಲೋ ಗುಲ್ಲು. ಫಾದರ್ ಪೊಲೀಸರ ಮಾತೆತ್ತಿದರು. ನಾನು ಬ್ಯಾಗು ತಬ್ಬಿಕೊಂಡದ್ದನ್ನು ಟೀಚರ್ ನೋಡಿದರು. ರಟ್ಟೆ ಹಿಡಿದು ಹಿಂದಕ್ಕೆ ಎಳೆದುಕೊಂಡು ಹೋದರು.

"ಯಾಕೆ ಕೂಸೇ?"

ಅಳುತ್ತಾ ಎಲ್ಲ ಹೇಳಿದೆ. ಅವರು ಮರದ ಮಗುವನ್ನು ಸೆರಗಿನಲ್ಲಿ ಒರೆಸಿದರು.

"ಅಪ್ಪ ಇಲ್ದೆ ನಿಂಗೇ ಇಷ್ಟು ಸಂಕ್ಟ. ಅಂತಾದ್ರಲ್ಲಿ ಈ ಕೂಸ್ನ ತೋಳಿಂದ ಕಿತ್ಕಂಡ್ಯಲ್ಲಾ?" ಅದನ್ನು ನನ್ನ ಕೈಗಿಟ್ಟು, "ನಡಿ, ಅಂತೋಣಿಯಪ್ಪ ಹುಡುಕ್ತಾನೆ. ಅವ್ನೊಬ್ನೇ ಯಾಕೆ ಹುಡುಕ್ಬೇಕು, ನಮ್ಗೂ ಕಾಲಿಲ್ವಾ?" ಎಂದರು.

ನನ್ನ ಕೈಯಿಂದಲೇ ಮಗುವನ್ನು ಫಾದರಿಗೆ ಕೊಡಿಸಿದರು. ಅಲ್ಲಿಂದ ನೇರ ನಮ್ಮ ಮನೆಗೆ. ಅಡ್ಡ ಬಂದ ಚಿಕ್ಕಪ್ಪನಿಗೆ, "ಮರ್ವಾದೆ ಆಮೇಲೆ ಹುಡ್ಕವ, ಮೊದ್ಲು ಮನ್ಸನ್ನ ಹುಡ್ಕವ" ಎಂದರು. ಅವ್ವನಿಂದ ಸ್ಟೇಷನ್ನಿನಲ್ಲಿ ದೂರು ಬರೆಸಿದರು. ಮಾರನೆಯ ದಿನ ಕೆಲಸ ಬಿಟ್ಟು, ಅಪ್ಪನ ಫೋಟೋ ಹಿಡಿದು, ನಮ್ಮಿಬ್ಬರನ್ನೂ ಆಸ್ಪತ್ರೆಯಿಂದ ಆಸ್ಪತ್ರೆಗೆ ಕರೆದೊಯ್ದರು. ಹೆಸರು ಗೊತ್ತಿಲ್ಲದ ರೋಗಿಗಳಿದ್ದಲ್ಲೆಲ್ಲ ಮೊದಲು ತಾವೊಬ್ಬರೇ ಹೋಗಿ ಮುಖ ನೋಡಿ, ತಲೆಯಾಡಿಸಿ ವಾಪಸು ಬರುತ್ತಿದ್ದರು. ಅವರು ಬಾಗಿಲಿನಿಂದ ಹೊರಬರುವ ತನಕ ನನಗೆ ಉಸಿರಾಡಲು ಭಯ.

ಮೂರನೆಯ ಆಸ್ಪತ್ರೆಯಲ್ಲಿ ಅವರು ವಾಪಸು ಬರಲಿಲ್ಲ. ಒಳಗಿಂದಲೇ ಕೂಗಿದರು: "ಬಾ ಕೂಸೇ, ಉಸಿರದೆ!"

ಬೈಕು ತಿರುವಿನಲ್ಲಿ ಉರುಳಿ ತಲೆಗೆ ಪೆಟ್ಟಾಗಿ, ಹೆಸರು ಹೇಳಲೂ ಅಪ್ಪನಿಗೆ ಪ್ರಜ್ಞೆ ಇರಲಿಲ್ಲ. ಕಾಲು ಮುರಿದಿತ್ತು. ಅಪ್ಪ ಉಳಿದರು, ಕುಂಟು ಮಾತ್ರ ಹೋಗಲಿಲ್ಲ.

ಹೋದ ವರ್ಷ ಟೀಚರ್ ತೀರಿಕೊಂಡರು. ಅಪ್ಪ ಶವಪೆಟ್ಟಿಗೆಗೆ ಹೆಗಲು ಕೊಟ್ಟರು. ಕಾಲು ಎಳೆದುಕೊಂಡು ನಡೆಯುವುದನ್ನು ನೋಡಲಾಗದೆ ಯಾರೋ, "ಬುಡಣ್ಣ, ಇನ್ನು ನಾವು ಒತ್ಕತೀವಿ" ಎಂದರು.

"ಅವ್ರು ನನ್ನ ನಡುದಾರೀಲಿ ಬುಟ್ಟಿದ್ರಾ?" ಎಂದರು ಅಪ್ಪ. ಸಮಾಧಿ ಮುಟ್ಟುವ ತನಕ ಹೆಗಲು ಬಿಡಲಿಲ್ಲ.