ಮೊಳ ಹಾಕಿದ ಪಾಠ

ಎರಡನೆಯ ತರಗತಿಯ ಇಪ್ಪತ್ತಾರು ಮಕ್ಕಳು ಸೇರಿ ನನ್ನನ್ನು ಕಾಪಾಡಲು ನಿಂತದ್ದು ಒಂದು ಗುರುವಾರ ಬೆಳಿಗ್ಗೆ. ಕಾಪಾಡುವ ಭರದಲ್ಲಿ ಅವರು ನನ್ನನ್ನು ಮುಳುಗಿಸಿಯೇಬಿಡುತ್ತಿದ್ದರು ಎಂಬುದು ಬೇರೆ ಮಾತು.

ಆಗ ನಾನು ಶಿಕ್ಷಕರ ತರಬೇತಿಯ ಎರಡನೆಯ ವರ್ಷದಲ್ಲಿದ್ದೆ. ಪಾಠ ಮಾಡಿ ಕಲಿಯಲೆಂದು ಹಲಸೂರಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ನಮ್ಮನ್ನು ಹಾಕಿದ್ದರು. ಜೀವನ್ ಬಿಮಾ ನಗರದ ನಮ್ಮ ಮನೆಯಿಂದ ಬಸ್ಸಿನಲ್ಲಿ, ಟ್ರಾಫಿಕ್ಕು ಕೃಪೆ ತೋರಿದ ದಿನ, ಅರ್ಧ ಗಂಟೆ. ಇಸ್ತ್ರಿ ಮಾಡಿದ ಕಾಟನ್ ಸೀರೆ, ಹೆಗಲಿಗೆ ಚೀಲ, ಮುಖದಲ್ಲಿ ಇಲ್ಲದ ಗಾಂಭೀರ್ಯ. ಆ ಗಾಂಭೀರ್ಯದ ಬೇಳೆ ಮಕ್ಕಳ ಮುಂದೆ ಒಂದು ದಿನವೂ ಬೇಯಲಿಲ್ಲ. ಮನೆಯಲ್ಲಿ ಅವರು ಆಡುತ್ತಿದ್ದದ್ದು ತಮಿಳು, ಉರ್ದು, ತೆಲುಗು, ಕನ್ನಡ. ನನ್ನನ್ನು ಗೋಳು ಹೊಯ್ದುಕೊಳ್ಳುವಾಗ ಮಾತ್ರ ಎಲ್ಲರೂ ಒಂದೇ.

ಪರೀಕ್ಷೆಯ ಪಾಠಗಳು ಎರಡು. ಕಾಲೇಜಿನಿಂದ ಉಪನ್ಯಾಸಕಿ ಬಂದು ತರಗತಿಯ ಹಿಂದೆ ಕೂತು ನೋಡುತ್ತಾರೆ. ಮೊದಲನೆಯದನ್ನು ನಾನು ಆಗಲೇ ಕೆಡಿಸಿಕೊಂಡಿದ್ದೆ. ಕಳೆಯುವ ಲೆಕ್ಕ. ಹೆದರಿಕೆಯಿಂದ ನಲವತ್ತು ನಿಮಿಷವೂ ಕಪ್ಪುಹಲಗೆಯ ಕಡೆಗೇ ಮುಖ ಮಾಡಿ ನಿಂತಿದ್ದೆ. ನನ್ನ ಪಾಠಯೋಜನೆಯ ಪುಸ್ತಕದಲ್ಲಿ ಅವರು ಕೆಂಪು ಶಾಯಿಯಲ್ಲಿ ಬರೆದರು: "ಹಲಗೆಗೆ ಚೆನ್ನಾಗಿ ಪಾಠ ಮಾಡಿದ್ದೀರಿ." ಎರಡನೆಯದೂ ಕೆಟ್ಟರೆ ಶಾಲಾ ತರಬೇತಿಯ ಇಡೀ ಅವಧಿಯನ್ನು ಮತ್ತೆ ಮಾಡಬೇಕು. ಅದಕ್ಕಿಂತ ದೊಡ್ಡ ಭಯವೊಂದಿತ್ತು, ನನಗೆ ಈ ಕೆಲಸ ಬರುವುದೇ ಇಲ್ಲವೇನೋ ಎಂದು. ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಜೊತೆಯಲ್ಲಿ ಅದೇ ಶಾಲೆಗೆ ಬರುತ್ತಿದ್ದ ಗೆಳತಿ ಉಪಾಯ ಹೇಳಿಕೊಟ್ಟಳು. "ಹಿಂದಿನ ದಿನಾನೇ ಅದೇ ಪಾಠ ಒಂದ್ಸಲ ಮಾಡ್ಬಿಡು. ಮಕ್ಕಳಿಗೂ ರೂಢಿ ಆಗತ್ತೆ, ನಿಂಗೂ ಧೈರ್ಯ ಬರತ್ತೆ. ಎಲ್ರೂ ಮಾಡೋದೇ ಇದು."

ಮಾಡಿದೆ. ಪಾಠ 'ಉದ್ದದ ಅಳತೆ'. ಪಾಠಯೋಜನೆಯಲ್ಲಿ ನಾವು ಕೇಳುವ ಪ್ರಶ್ನೆಯ ಪಕ್ಕದಲ್ಲೇ ಮಕ್ಕಳು ಕೊಡುವ ಉತ್ತರವನ್ನೂ ಮೊದಲೇ ಊಹಿಸಿ ಬರೆಯಬೇಕು. ಬುಧವಾರ ಎಲ್ಲವೂ ಬರೆದಂತೆಯೇ ನಡೆಯಿತು. ಕೊನೆಯಲ್ಲಿ "ಆದ್ದರಿಂದ ಅಳೆಯಲು ಅಳತೆಪಟ್ಟಿ ಬೇಕು" ಎಂದು ನಾನು ಹೇಳಿದೆ, ಮಕ್ಕಳೂ ಹೇಳಿದರು. ಸಂಜೆ ಬಸ್ಸಿನಲ್ಲಿ ನನ್ನ ಮುಖದ ಕಳೆಯೇ ಬೇರೆ.

ಗುರುವಾರ ಉಪನ್ಯಾಸಕಿ ಬಂದು, ಹಿಂದಿನ ಗೋಡೆಯ ಪಕ್ಕದ ಪುಟ್ಟ ಬೆಂಚಿನ ಮೇಲೆ ಮಂಡಿ ಮಡಚಿ ಕೂತರು. ನಾನು ಚೀಲವನ್ನು ಮೇಜಿನ ಮೇಲಿಟ್ಟು ನಗುನಗುತ್ತಾ ಕೇಳಿದೆ: "ಮಕ್ಕಳೇ, ಇದ್ರಲ್ಲಿ ಏನಿರ್ಬಹುದು, ಹೇಳಿ ನೋಡೋಣ?"

"ಹಗ್ಗ, ಕೋಲು, ರಿಬ್ಬನ್ನು," ಎಂದಿತು ಇಡೀ ತರಗತಿ, ಒಂದೇ ಉಸಿರಿನಲ್ಲಿ.

ನಾನಿನ್ನೂ ಚೀಲ ಬಿಚ್ಚಿರಲಿಲ್ಲ. "ಇವುಗಳಲ್ಲಿ ಯಾವುದು..." ಎನ್ನುವಷ್ಟರಲ್ಲಿ "ಹಗ್ಗ ಉದ್ದ, ಕೋಲು ಗಿಡ್ಡ" ಬಂತು. ಅದರ ಹಿಂದೆಯೇ ನಾನು ಕೇಳಬೇಕಿದ್ದ ಮುಂದಿನ ಮೂರು ಪ್ರಶ್ನೆಗಳ ಉತ್ತರವೂ ಸಾಲಾಗಿ ಬಂತು. ಮುಂದಿನ ಸಾಲಿನವಳೊಬ್ಬಳು, "ಮಿಸ್, ಈಗ ನೀವು ಬೋರ್ಡ್ ಮೇಲೆ ಗೆರೆ ಎಳೀಬೇಕು," ಎಂದು ನೆನಪಿಸಿದಳು. ಎಳೆದೆ. "ಈಗ ಎಲ್ರೂ ಚಪ್ಪಾಳೆ," ಎಂದಳು. ತಟ್ಟಿದರು. ಅಳತೆಪಟ್ಟಿಯ ವಾಕ್ಯವನ್ನೂ ಅವರೇ ಹೇಳಿ ಮುಗಿಸಿದರು. ನಲವತ್ತು ನಿಮಿಷದ ಪಾಠ ಎಂಟು ನಿಮಿಷಕ್ಕೆ ಖಲಾಸ್. ಹಿಂದಿನ ಬೆಂಚಿನ ಕಡೆ ನೋಡುವ ಧೈರ್ಯ ನನಗಿರಲಿಲ್ಲ.

ಆಗ ಮೂಲೆಯಿಂದ ಒಬ್ಬ ಹುಡುಗಿ ಎದ್ದು ಬಂದಳು. ಅವಳ ಅಮ್ಮ ಹಲಸೂರು ಮಾರ್ಕೆಟ್ಟಿನ ಹತ್ತಿರ ಹೂ ಕಟ್ಟಿ ಮಾರುವವರು. ಒಂದು ತಿಂಗಳಿಂದ ಹಾಜರಿಗೆ 'ಎಸ್ ಮಿಸ್' ಅನ್ನುವುದು ಬಿಟ್ಟರೆ ಅವಳ ಬಾಯಿಂದ ನಾನು ಒಂದು ಮಾತೂ ಕೇಳಿರಲಿಲ್ಲ. ನನ್ನ ಸೆರಗು ಜಗ್ಗಿ, ಎಲ್ಲರಿಗೂ ಕೇಳುವಂಥ ಗುಟ್ಟಿನ ದನಿಯಲ್ಲಿ ಕೇಳಿದಳು: "ಮಿಸ್, ಮರ್ತೋಯ್ತಾ? ನಿನ್ನೆ ನೀವೇ ಹೇಳ್ಕೊಟ್ರಲ್ಲ." ಅವಳ ಮುಖದಲ್ಲಿ ನಿಜವಾದ ಕನಿಕರವಿತ್ತು. ಉಪನ್ಯಾಸಕಿ ಪೆನ್ನು ಕೈಗೆತ್ತಿಕೊಂಡರು.

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. "ಹೂಂ, ಎಲ್ಲಾ ಮರ್ತೋಯ್ತು," ಎಂದೆ. "ಈ ಹಗ್ಗ ಎಷ್ಟುದ್ದ ಅಂತಾನೂ ಗೊತ್ತಾಗ್ತಿಲ್ಲ. ನೀನೇ ಅಳೆದು ತೋರ್ಸು."

ಅವಳು ಹಗ್ಗ ಹಿಡಿದು, ಬೆರಳ ತುದಿಯಿಂದ ಮೊಣಕೈಗೆ ಎಳೆದೆಳೆದು, ಥೇಟ್ ಅವಳಮ್ಮನ ಹಾಗೆ ಮೊಳ ಹಾಕಿದಳು. ಒಂಬತ್ತು ಮೊಳ. ಕೊನೆಯ ಸಾಲಿನ ಉದ್ದನೆಯ ಹುಡುಗ ಸುಮ್ಮನಿರದೆ ತಾನೂ ಹಾಕಿದ. ಎಂಟು. "ನೀನ್ ಸುಳ್ಳು," "ನೀನೇ ಸುಳ್ಳು," ಎಂದು ಜಗಳ ಹತ್ತಿ, ತರಗತಿಯೇ ಎರಡು ಪಕ್ಷವಾಯಿತು.

ನ್ಯಾಯ ಹೇಳಿದವಳು ಅವಳೇ. "ಸುಳ್ಳಲ್ಲ. ಅವನ ಕೈ ಉದ್ದ, ನಂದು ಚಿಕ್ಕದು. ಅಂಗಡೀಲೂ ಹಿಂಗೇ. ನಿನ್ ಕೈ ಮೊಳ ಬೇಡ, ನನ್ ಕೈ ಮೊಳ ಹಾಕು ಅಂತ ಒಂದ್ ಆಂಟಿ ದಿನಾ ನಮ್ಮಮ್ಮನ ಜೊತೆ ಜಗಳ ಆಡ್ತಾರೆ."

"ಜಗಳ ಇಲ್ದಂಗೆ ಅಳೆಯೋದ್ ಹೆಂಗೆ ಮತ್ತೆ?" ಎಂದೆ. ಇದಕ್ಕೆ ನನ್ನ ಪುಸ್ತಕದಲ್ಲಿ ಉತ್ತರ ಬರೆದಿರಲಿಲ್ಲ. ಎಲ್ಲರೂ ಒಂದೇ ಕೈಯಲ್ಲಿ ಅಳೆಯಬೇಕು ಎಂದ ಒಬ್ಬ. ಯಾರ ಕೈ? "ದೊಡ್ಡ ಮಿಸ್ ಕೈ," ಎಂದರು ಹತ್ತು ಜನ, ಹಿಂದಕ್ಕೆ ತಿರುಗಿ.

ಉಪನ್ಯಾಸಕಿ ಪೆನ್ನು ಕೆಳಗಿಟ್ಟು ಕೈ ಚಾಚಿದರು. ಹಗ್ಗ ಆರು ಮೊಳ. ಆಮೇಲೆ ಅವರನ್ನು ಕೂರಲು ಯಾರೂ ಬಿಡಲಿಲ್ಲ. ಮೇಜು, ಕಿಟಕಿ, ಬಾಗಿಲು, ಎಲ್ಲದಕ್ಕೂ ಅವರ ಕೈ ಬೇಕಾಯಿತು. ನಾನು ಹಲಗೆಯನ್ನು ಮರೆತೇಬಿಟ್ಟಿದ್ದೆ. ಮಕ್ಕಳ ಜೊತೆ ಮಗುವಾಗಿ ಕುಣಿಯುತ್ತಿದ್ದೆ, ಹಾಗೆ ಖುಷಿಯಾಗಿದ್ದ ನೆನಪು ನನಗೆ ಬಹಳವಿಲ್ಲ. ಬೆಲ್ಲು ಹೊಡೆಯುವ ಹೊತ್ತಿಗೆ ಅದೇ ಉದ್ದನೆಯ ಹುಡುಗನಿಗೆ ಚಿಂತೆ ಹತ್ತಿತು: "ದೊಡ್ಡ ಮಿಸ್ ಮನೆಗೆ ಹೋದ್ಮೇಲೆ ಏನ್ ಮಾಡೋದು?" ಹೂವಿನ ಹುಡುಗಿ ಕೋಲು ತಂದು ಅವರ ಕೈಗೆ ಹಿಡಿದು, ಮೊಣಕೈ ಬಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿದಳು. "ಇದು ಇಲ್ಲೇ ಇರತ್ತೆ."

ಕೆಂಪು ಶಾಯಿಯಲ್ಲಿ ಮೂರೇ ಸಾಲು: "ಮೊದಲ ಎಂಟು ನಿಮಿಷ ನಾಟಕ. ಉಳಿದದ್ದು ಪಾಠ. ಉತ್ತೀರ್ಣ." ಹೊರಡುವಾಗ ಮೊಣಕೈ ಉಜ್ಜಿಕೊಳ್ಳುತ್ತಾ ಅವರು, "ಇನ್ಮೇಲೆ ರಿಹರ್ಸಲ್ ಮಾಡ್ಬೇಡಿ," ಎಂದಷ್ಟೇ ಹೇಳಿದರು. ಈಗ ಕೆ.ಆರ್. ಪುರದಲ್ಲಿ ನನ್ನದೇ ತರಗತಿಯಿದೆ. ಆ ಮಾತನ್ನು ಇನ್ನೂ ಮೀರಿಲ್ಲ.

ಮರುದಿನ ಬೆಳಿಗ್ಗೆ ಆ ಹುಡುಗಿ ಗೇಟಿನಲ್ಲೇ ಕಾಯುತ್ತಿದ್ದಳು. "ಮಿಸ್, ಇವತ್ತೂ ಮರ್ತೋಗಿದ್ಯಾ?"

"ಹೂಂ ಕಣೇ, ಪೂರ್ತಿ."

ಅವಳು ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೊರಟಳು. "ಬನ್ನಿ, ನಾನ್ ಹೇಳ್ಕೊಡ್ತೀನಿ."