ಮುಂದುವರಿಯಲೇ?
ನಮ್ಮ ಕಚೇರಿಯಲ್ಲಿ ತಂತ್ರಾಂಶ ಬರೆಯುವ ಒಬ್ಬರನ್ನು ನಾವೆಲ್ಲ ‘ಮುಂದುವರಿಯಲೇ ಸಾರ್’ ಎಂದೇ ಕರೆಯುವುದು. ಅವರ ಪ್ರೋಗ್ರಾಂ ತೆರೆದರೆ ಪರದೆ ಇನ್ನೂ ಮಂಜಿನೊಳಗಿನ ಊರಿನಂತೆ ಅರ್ಧಂಬರ್ಧ ಮೂಡುತ್ತಿರುತ್ತದೆ, ಬಟನ್ನುಗಳಿಗೆ ಹೆಸರು ಕೂಡ ಬಂದಿರುವುದಿಲ್ಲ, ಅಷ್ಟರಲ್ಲೇ ಪುಟ್ಟ ಚೌಕವೊಂದು ತೇಲಿ ಬಂದು ‘ಮುಂದುವರಿಯಲೇ?’ ಎನ್ನುತ್ತದೆ. ಉತ್ತರ ಕೊಡುವ ತನಕ ಹಿಂದಿನದೆಲ್ಲ ಉಸಿರು ಬಿಗಿಹಿಡಿದು ನಿಂತಿರುತ್ತದೆ. ಕೆಲವೊಮ್ಮೆ ಆ ಚೌಕವೇ ಅರೆಮೂಡಿದ ಪರದೆಯ ಹಿಂದೆ ಅಡಗಿಬಿಟ್ಟು, ಪರದೆ ನಮಗಾಗಿ, ನಾವು ಪರದೆಗಾಗಿ ಕಾಯುತ್ತ ಕೂತಿರುತ್ತೇವೆ. ಅವರ ನಡೆಯೂ ಹಾಗೆಯೇ. ಚಹಾಕ್ಕೆ ಕರೆದರೆ ಕ್ಯಾಂಟೀನಿನ ಹೊಸ್ತಿಲಲ್ಲೇ ನಿಂತು “ಹೋಗೋಣ ತಾನೇ?” ಎನ್ನುತ್ತಾರೆ, ಹಿಂದಿನವರ ಸಾಲು ಮೆಟ್ಟಿಲವರೆಗೂ ಬೆಳೆಯುತ್ತದೆ. ನಿದ್ದೆಯಲ್ಲೂ ಕನಸಿನ ಬಾಗಿಲಲ್ಲಿ ನಿಂತು ಅಪ್ಪಣೆ ಕೇಳುತ್ತಾರೇನೋ! “ಸಾರ್, ಮೊದಲು ಪರದೆ ಪೂರ್ತಿ ಮೂಡ್ಲಿ, ಆಮೇಲೆ ಕೇಳಿ. ಜನ ಬೈತಿದಾರೆ, ಹೀಗೇ ಆದ್ರೆ ಈ ಕೆಲಸ ಬೇರೆಯವರಿಗೆ ಕೊಡ್ತೀನಿ” ಎಂದು ಮೇಲಧಿಕಾರಿ ತಲೆ ಚಚ್ಚಿಕೊಂಡರೆ ಅವರದು ಒಂದೇ ಉತ್ತರ: “ಒಳಗೆ ಕರ್ಕೊಂಡ್ಮೇಲೆ ಕೇಳೋದು ಕೇಳಿದ ಹಾಗಾ, ಮೇಡಂ?” ಒಮ್ಮೆ ಕಚೇರಿಗೆ ಬಂದಿದ್ದ ಅವರ ಹೆಂಡತಿಯ ಮುಂದೆ ಇದನ್ನೇ ಹೇಳಿ ನಾವೆಲ್ಲ ನಕ್ಕೆವು. ಆಕೆಯೂ ನಕ್ಕರು. ಆಮೇಲೆ ಎಲ್ಲೋ ನೋಡುತ್ತ ಮೆಲ್ಲಗೆ ಹೇಳಿದರು: “ಮದುವೆ ದಿನ ಎಲ್ಲರೂ ಬೇಗ ಬೇಗ ಅಂತ ನನ್ನ ತಳ್ಕೊಂಡು ಬರ್ತಿದ್ರು. ಇವರು ಬಾಗಿಲಿಗೆ ಅಡ್ಡ ನಿಂತು ‘ನಿಮಗೆ ಇಷ್ಟ ಇದೆಯಾ?’ ಅಂದ್ರು. ಅಲ್ಲಿವರೆಗೂ ನಮ್ಮಮ್ಮನೂ ಅದನ್ನ ಕೇಳಿರ್ಲಿಲ್ಲ.”