ಅರ್ಥ ತಿದ್ದಿದ ಒಡಪು

ನಮ್ಮ ಮೈಸೂರಿನ ಕಡೆ ಮದುವೆ ಮನೆಯಲ್ಲಿ ಅರಿಶಿನ ಹಚ್ಚುತ್ತಾರೆ. ಇಲ್ಲಿ ಸಂಶಿಯಲ್ಲಿ ಅರಿಶಿನದ ಜೊತೆಗೆ ಮದುಮಗನ ಅಣ್ಣನ ಕೆನ್ನೆಗೆ ಮೊಳದುದ್ದದ ಕಬ್ಬಿಣದ ಸರಳನ್ನೂ ಚುಚ್ಚುತ್ತಾರೆ! ವೀರಭದ್ರನ ಒಕ್ಕಲಿನ ಮನೆಗಳಲ್ಲಿ ಮದುವೆಗೆ ಮುಂಚೆ ಗುಗ್ಗಳ ಎಂಬ ಈ ಸೇವೆ ಆಗಲೇಬೇಕು. ಚುಚ್ಚುವವರು ಪುರವಂತರು, ಚುಚ್ಚುವಾಗ ಅವರು ಅಬ್ಬರಿಸುವ ಮಾತು ಒಡಪು. ಅದು ನಡುವೆ ನಿಂತರೆ ರಕ್ತ ಬರುತ್ತದೆಂದು ಊರೇ ನಂಬಿದೆ.

ಎಪ್ಪತ್ತಮೂರರಲ್ಲಿ ಹೈಸ್ಕೂಲು ಮಾಸ್ತರನಾಗಿ ಬಂದು ನೀಲವ್ವನ ಮನೆಯಲ್ಲೊಂದು ಕೋಣೆ ಹಿಡಿದೆ. ಒಣರೊಟ್ಟಿ ಮುರಿಯಲು ಕಲಿತೆ, ಮಾತಿನ ಕೊನೆಗೆ ‘ರಿ’ ಸೇರಿಸಲು ಕಲಿತೆ. ಸುಮ್ಮನಿರಲು ಮಾತ್ರ ಕಲಿಯಲಿಲ್ಲ. ಅರ್ಥವಿಲ್ಲದ ಮಾತು ಮಾತೇ ಅಲ್ಲವೆಂದು ತತ್ವಶಾಸ್ತ್ರ ಓದಿ ಬಂದ ಸೊಕ್ಕು! ಪುರವಂತ ವೀರಪ್ಪಕಾಕಾನ ಒಡಪು ಬರೆದುಕೊಂಡು ನೋಡಿದರೆ ಅರ್ಧಕ್ಕರ್ಧ ತಲೆಬುಡವಿಲ್ಲ.

“ಕಾಕಾ, ಇದರ ಅರ್ಥವೇನು?”

“ಅರ್ಥ ತಗೊಂಡು ಏನ್ ಮಾಡ್ತೀರಿ ಮಾಸ್ತರ? ಹೇಳಿದ್ರ ಮೈ ಝುಂ ಅಂತೈತಿ. ಅಷ್ಟ.”

ನನಗೆ ಅಷ್ಟು ಸಾಲಲಿಲ್ಲ. ಆ ಸಾಲುಗಳನ್ನು ಕಿತ್ತು, ಅರ್ಥವಾಗುವಂಥವನ್ನು ಬರೆದುಕೊಟ್ಟೆ. ಓದಿದವರ ಮಾತೆಂದು ಮುದುಕ ಪಾಪ ಬಾಯಿಪಾಠ ಮಾಡಿದ.

ನೀಲವ್ವನ ಕಿರಿಮಗನ ಮದುವೆ ಬಂತು. ಹಿರಿಮಗ ಶಿವಣ್ಣ ಅಂಗಳದಲ್ಲಿ ಕೆನ್ನೆ ಒಡ್ಡಿ ನಿಂತ. ಸರಳು ಅರ್ಧ ಹೊಕ್ಕಿತ್ತು. ನನ್ನ ಸಾಲು ಬಂದಲ್ಲಿ ಕಾಕಾ ತಡವರಿಸಿದ, ಒಡಪು ನಿಂತು ಸರಳು ಓರೆಯಾಯಿತು. ರಕ್ತ ಶಿವಣ್ಣನ ಬಿಳಿ ಅಂಗಿಗೆ ಇಳಿಯಿತು. “ಮಾಸ್ತರು ತಿದ್ದಿಕೊಟ್ಟದ್ದು ಮರತೆನೋ!” ಎಂದು ಮುದುಕ ಅತ್ತ. ಅಷ್ಟೇ ಸಾಕಾಯಿತು. ನನ್ನನ್ನು ನೆಲಕ್ಕೆ ಕೆಡವಿ ಒದ್ದರು. ನೀಲವ್ವ ಜುಟ್ಟು ಹಿಡಿದೆಬ್ಬಿಸಿ ಕಪಾಳಕ್ಕೆ ಬಾರಿಸಿದಳು.

“ಕೆಡಿಸಿದಾಂವ ನೀನ. ನೀನ ಹೇಳಲೇ! ನನ್ನ ಮಗ ಸಾಯ್ತಾನ!”

ಬರೆದೂ ಬರೆದೂ ಹಳೆಯ ಒಡಪು ನನಗೆ ಪಾಠವಾಗಿತ್ತು. ಗಂಟಲು ಹರಿಯುವಂತೆ ಕಿರುಚಿದೆ. ಒದೆಯುತ್ತಿದ್ದವರೇ ನನ್ನ ಜೊತೆ ಅಬ್ಬರಿಸಿದರು. ಕಾಕಾನ ಕೈ ಗಟ್ಟಿಯಾಯಿತು, ಸರಳು ಆಚೆ ಬಂತು. ಆಗ ಯಾರಾದರೂ ಅರ್ಥ ಕೇಳಿದ್ದರೆ ಅವನ ಹಲ್ಲು ಮುರಿಯುತ್ತಿದ್ದೆ.

ದೇವರು ಕಂಡನೇ ಎಂದು ಮೈಸೂರಿನ ಗೆಳೆಯರು ಕಾಗದ ಬರೆದು ಕೇಳುತ್ತಾರೆ. ಇಲ್ಲ. ಹಾಗಾದರೆ ಬರೀ ಸುಳ್ಳೇ? ಅದೂ ಅಲ್ಲ. ಅಲ್ಲಿದ್ದಾಗ ನನ್ನ ಬಳಿ ಎಲ್ಲದಕ್ಕೂ ಉತ್ತರವಿತ್ತು. ಈಗ ಅದಕ್ಕೆ ನಾಚಿಕೆಯಾಗುತ್ತದೆ.

ಗಾಯ ಮಾದ ಮೇಲೆ ಶಿವಣ್ಣ ನನ್ನ ಕೋಣೆಯ ಬಾಗಿಲಿಗೆ ಬಂದ. ಕೆನ್ನೆಯಲ್ಲಿ ಕಲೆ ಉಳಿದಿತ್ತು.

“ಯರಗುಪ್ಪ್ಯಾಗ ನಮ್ಮ ಮಾವನ ಮನ್ಯಾಗ ಗುಗ್ಗಳ ಐತ್ರಿ. ಒಡಪು ಹೇಳಾಕ ನಿಮ್ಮನ್ನ ಕರದಾರ. ಪೆನ್ನು ಇಲ್ಲೇ ಇಟ್ಟು ಬರ್ರಿ.”

ಹೂಂ ಅಂದೆ. ಪೆನ್ನಿಲ್ಲದೆ ಹೊರಡುವವನು ಮೈಸೂರಿನವನೋ ಸಂಶಿಯವನೋ ನನಗೇ ತಿಳಿಯದು.